ಸಿಗಂದೂರು ಸೇತುವೆಯ ದಡದಲ್ಲಿ ನಿಲ್ಲಲು ಒಂದು ಜಾಗ ಕೊಡಿ: ಶಿವಮೊಗ್ಗ ಸಂಸದರಿಗೆ ಬಹಿರಂಗ ಪತ್ರ

ಮಾನ್ಯ ಬಿ.ವೈ. ರಾಘವೇಂದ್ರ ಅವರಿಗೆ ನಮಸ್ಕಾರಗಳು.

ಮೊನ್ನೆ ಅಮ್ಮನನ್ನು ಕರೆದುಕೊಂಡು ಮೈಸೂರಿನಿಂದ ಕಾರಿನಲ್ಲಿ ಸಿಗಂದೂರಿಗೆ ಹೋಗಿದ್ದೆ. ಅಮ್ಮನಿಗೆ ಎಪ್ಪತ್ತು ದಾಟಿದೆ. ಅವರು ಹುಟ್ಟಿದ ಊರು ಶರಾವತಿ ಹಿನ್ನೀರಿನ ಅಡಿಯಲ್ಲಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಾಗ ಮನೆ, ತೋಟ, ಗದ್ದೆ ಎಲ್ಲ ಮುಳುಗಿದವು. ಪಾತ್ರೆ-ಪಗಡದ ಜೊತೆ ಲಾರಿಯಲ್ಲಿ ಕೂತು ಹೊರಟಿದ್ದು ಅವರಿಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಆ ಹಿನ್ನೀರಿನ ಮೇಲೆ ಈಗ ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ 2.44 ಕಿ.ಮೀ. ಸೇತುವೆ. ಮೂರೇ ನಿಮಿಷದಲ್ಲಿ ದಾಟಿಬಿಟ್ಟೆವು. ಮೊದಲು ಇಲ್ಲಿ ಲಾಂಚ್‌ಗೆ ಕಾಯಬೇಕಿತ್ತು. ಸಂಜೆ ಲಾಂಚ್ ನಿಂತ ಮೇಲೆ ಹೆರಿಗೆ ನೋವು ಬಂದರೂ, ಹಾವು ಕಚ್ಚಿದರೂ ಸುತ್ತು ಹಾಕಿಕೊಂಡೇ ಸಾಗರಕ್ಕೆ ಹೋಗಬೇಕಿತ್ತು. ಆಚೆ ದಡದ ತುಮರಿ ಕಡೆಯವರು ಈ ಸೇತುವೆಗಾಗಿ ಎಷ್ಟು ವರ್ಷ ಹೋರಾಡಿದರು ಅಂತ ನಿಮಗೆ ಗೊತ್ತೇ ಇದೆ. 2025ರ ಜುಲೈ 14ರಂದು ಅದು ಉದ್ಘಾಟನೆಯಾದಾಗ ಅಮ್ಮ ಟಿವಿ ಮುಂದೆ ಕೂತು ಅತ್ತಿದ್ದರು.

ಸೇತುವೆಯ ನಡುವೆ ಬಂದಾಗ ಅಮ್ಮ, "ಇಲ್ಲೇ ಎಲ್ಲೋ ಇತ್ತು ಮಗಾ, ಸ್ವಲ್ಪ ನಿಲ್ಲಿಸು" ಅಂದರು. ನಾನು ನಿಲ್ಲಿಸಲಿಲ್ಲ. ಹಿಂದೆ ಬಸ್ಸು ಬರುತ್ತಿತ್ತು. ಮುಂದೆ ಎರಡು ಕಾರು ನಿಲ್ಲಿಸಿಕೊಂಡು ಮಕ್ಕಳು ಕೇಬಲ್ ಪಕ್ಕ ಸೆಲ್ಫಿ ತೆಗೆಯುತ್ತಿದ್ದರು. ನೋಡಿ ಎದೆ ಝಲ್ ಅಂತು. ಅಷ್ಟು ನೀರು, ಅಷ್ಟು ಆಕಾಶ ಕಂಡರೆ ಯಾರಿಗಾದರೂ ನಿಲ್ಲಬೇಕು ಅನಿಸುತ್ತದೆ ಅಲ್ವಾ? ಸುಮ್ನೆ ಬೈದರೆ ಅದು ನಿಲ್ಲುವುದಿಲ್ಲ.

ಅದಕ್ಕೇ ಒಂದು ಕೋರಿಕೆ. ಲಾಂಚ್ ಬಂದು ನಿಲ್ಲುತ್ತಿದ್ದ ದಡವನ್ನೇ ಚೆನ್ನಾಗಿ ಸರಿಮಾಡಿಸಿ. ಕಾರು ನಿಲ್ಲಿಸಲು ಜಾಗ, ವಯಸ್ಸಾದವರು ಕೂರಲು ನಾಲ್ಕು ಕಲ್ಲುಬೆಂಚು, ನೀರಿನ ಕಡೆಗೆ ಗಟ್ಟಿ ಕಂಬಿ. ಜಾಸ್ತಿ ಏನೂ ಬೇಡ. ಅಲ್ಲೇ ಒಂದು ಕಲ್ಲಿನ ಮೇಲೆ ಮುಳುಗಿದ ಊರುಗಳ ಹೆಸರು ಕೆತ್ತಿಸಿ. ನಮ್ಮ ಮನೆಗಳಿಗೆ ಶರಾವತಿಯ ಕರೆಂಟು ಬರಲು ಯಾರು ಮನೆ ಬಿಟ್ಟರು ಅಂತ ದಾಟುವವರಿಗೆ ಗೊತ್ತಾಗಲಿ.

ಅಮ್ಮನಿಗೆ ನೆನಪಿರುವ ಊರುಗಳ ಹೆಸರನ್ನು ಬರೆದಿಟ್ಟುಕೊಂಡಿದ್ದೇನೆ. ನೀವು ಹೇಳಿದರೆ ಕಳಿಸಿಕೊಡುತ್ತೇನೆ.

ಇಂತಿ,
ಮುಳುಗಡೆ ಊರಿನ ಮಗಳ ಮಗ