ಮಾವನ ಅರ್ಜಿ, ರಾಷ್ಟ್ರಪತಿಗಳ ವರ್ಷ

ಕಾಸರಗೋಡಿನ ಬದಿಯಡ್ಕದಲ್ಲಿ ನನ್ನ ಸೋದರಮಾವನ ಮನೆಯಲ್ಲಿ ಒಂದು ಹಳೆಯ ಬಿಸ್ಕೆಟ್ ಡಬ್ಬಿ ಇದೆ. ಅದರೊಳಗೆ ರಬ್ಬರ್ ಬ್ಯಾಂಡ್ ಹಾಕಿಟ್ಟ ಅಂಚೆಯ ಅಕ್ನಾಲೆಜ್‌ಮೆಂಟ್ ಕಾರ್ಡುಗಳು, ವರ್ಷಕ್ಕೊಂದು. ಅರ್ಜಿ ಹೋದದ್ದು ರಾಷ್ಟ್ರಪತಿ ಭವನಕ್ಕೆ. ಕನ್ನಡ ಶಾಲೆಗೆ ಕನ್ನಡ ಬಾರದ ಅಧ್ಯಾಪಕರನ್ನು ಹಾಕಬೇಡಿ ಎಂಬುದು ಅದರ ಸಾರ. ತಾರೀಕು ಬದಲಾಗುತ್ತದೆ, ಒಕ್ಕಣೆ ಬದಲಾಗುವುದಿಲ್ಲ.

ಗಣರಾಜ್ಯೋತ್ಸವದ ಸಂಚಿಕೆಗೆ ರಾಷ್ಟ್ರಪತಿಗಳ ಒಂದು ವರ್ಷದ ಬಗ್ಗೆ ಬರೆಯಿರಿ ಎಂದರು ಸಮಿತಿಯವರು. ಆ ವಿಷಯದಲ್ಲಿ ಮಾವನಷ್ಟು ತಿಳಿದವರನ್ನು ನಾನು ಕಂಡಿಲ್ಲ. ಅರ್ಜಿ ಹಾಕಲು ಒಳ್ಳೆಯ ದಿನ ನೋಡುವವರಲ್ಲವೇ! ಜನವರಿ ಬೇಡ: 25ರ ಭಾಷಣ, 26ರ ಪರೇಡು, 29ರ ಸೇನಾ ಬ್ಯಾಂಡುಗಳ ಬೀಟಿಂಗ್ ರಿಟ್ರೀಟ್, ಅದರ ಬೆನ್ನಿಗೇ ಸಂಸತ್ತಿನ ಜಂಟಿ ಅಧಿವೇಶನ. ಫೆಬ್ರವರಿಯಲ್ಲಿ ಭವನದ ಅಮೃತ ಉದ್ಯಾನ ನೋಡುವ ಜನಜಂಗುಳಿ. ಆಮೇಲೆ ಪದ್ಮ ಪ್ರಶಸ್ತಿ. ಬೇಸಗೆಗೆ ಶಿಮ್ಲಾ ಹತ್ತಿರದ ಮಶೋಬ್ರಾದ ನಿವಾಸ, ಚಳಿಗಾಲಕ್ಕೆ ಸಿಕಂದರಾಬಾದಿನ ಬೊಲಾರಂನ ನಿವಾಸ. ನಡುವೆ ಆಗಸ್ಟ್ 14ರ ಭಾಷಣ, ಸೆಪ್ಟೆಂಬರ್ 5ರ ಶಿಕ್ಷಕರ ಪ್ರಶಸ್ತಿ. ಹಾಗಾಗಿ ಮಾವನ ಅರ್ಜಿ ನವೆಂಬರ್ ಒಂದಕ್ಕೆ.

ಆ ತಾರೀಕಿಗೆ ಬೇರೆ ಕಾರಣವೂ ಉಂಟು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅದೇ ದಿನ ಜಾರಿಗೆ ಬಂದ ಏಳನೇ ತಿದ್ದುಪಡಿಯಿಂದ ಸಂವಿಧಾನಕ್ಕೆ 350ಎ, 350ಬಿ ವಿಧಿಗಳು ಸೇರಿದವು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಕಲಿಕೆಗೆ ಸೌಕರ್ಯ ಒದಗಿಸುವ ಬಗ್ಗೆ ರಾಜ್ಯಗಳಿಗೆ ರಾಷ್ಟ್ರಪತಿ ನಿರ್ದೇಶನ ಕೊಡಬಹುದು. ಅದಕ್ಕೊಬ್ಬ ವಿಶೇಷ ಅಧಿಕಾರಿ. ಅವರ ವರದಿ ಹೋಗುವುದು ನೇರ ರಾಷ್ಟ್ರಪತಿಗೆ, ಅಲ್ಲಿಂದ ಸಂಸತ್ತಿಗೆ. ರಾಷ್ಟ್ರಪತಿಗಳ ವರ್ಷದಲ್ಲಿ ನಮ್ಮ ಪಾಲಿನದು ಆ ವರದಿ. ರಾಷ್ಟ್ರಪತಿಗಳ ಕುದುರೆ ಸವಾರ ಅಂಗರಕ್ಷಕರ ಫೋಟೋ ಬರುವ ಪತ್ರಿಕೆಯಲ್ಲಿ ಅದರ ಸುದ್ದಿಯನ್ನು ನಾನಂತೂ ಕಂಡಿಲ್ಲ.

ಸಹಿ ರಾಷ್ಟ್ರಪತಿಯದು, ತೀರ್ಮಾನ ಮಂತ್ರಿಮಂಡಲದ್ದು ಎಂಬುದು ಮಾವನಿಗೆ ಗೊತ್ತಿಲ್ಲದ್ದಲ್ಲ. ನಲವತ್ತು ವರ್ಷ ಸಮಾಜ ಪಾಠ ಮಾಡಿದವರು.

2021ರ ಡಿಸೆಂಬರ್ 21ರಂದು ಆಗಿನ ರಾಷ್ಟ್ರಪತಿ ರಾಮನಾಥ ಕೋವಿಂದರು ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದ ಘಟಿಕೋತ್ಸವಕ್ಕೆ ಬಂದಿದ್ದರು. ಬಸ್ಸು ಹತ್ತಿದರೆ ಮುಟ್ಟುವಷ್ಟು ದೂರ. ಮಾವ ಮನೆಯಲ್ಲೇ ಕೂತು ಅಡಿಕೆ ಸುಲಿದರು. ಯಾಕೆ ಎಂದು ಕೇಳಿದ್ದಕ್ಕೆ, "ಊರಿಗೆ ಬಂದ ನೆಂಟರ ಕೈಗೆ ಅರ್ಜಿ ಕೊಡುವುದುಂಟಾ ಮಾರಾಯ?" ಎಂದರು.

ಮಾವ ಅರ್ಜಿ ಕಳಿಸುತ್ತಿದ್ದ ರಿಜಿಸ್ಟರ್ಡ್ ಪೋಸ್ಟನ್ನು 2025ರಲ್ಲಿ ಸ್ಪೀಡ್ ಪೋಸ್ಟಿಗೆ ಸೇರಿಸಿಬಿಟ್ಟರು. ಆ ನವೆಂಬರಿನಲ್ಲಿ ಮಾವ ರಸೀದಿಯ ನಂಬರನ್ನು ನನಗೆ ವಾಟ್ಸಾಪ್ ಮಾಡಿದರು. ಆಫೀಸಿನ ಮಧ್ಯೆ ಹಾಕಿ ನೋಡಿದೆ, ತಲುಪಿದೆ ಎಂದಿತ್ತು. ಸ್ಕ್ರೀನ್‌ಶಾಟ್ ಕಳಿಸಿದೆ. ಸ್ವಲ್ಪ ಹೊತ್ತಿಗೆ ಉತ್ತರ ಬಂತು: "ಪ್ರಿಂಟು ತೆಗೆದು ಇಡು. ಬರುವಾಗ ತಾ. ಡಬ್ಬಿಗೆ ಹಾಕಬೇಕು."