ಕಚೇರಿಯಲ್ಲೂ ಎಳ್ಳು-ಬೆಲ್ಲ ಬೆರೆಯಲಿ

ಮಾನ್ಯ ಸಂಪಾದಕರೇ,

ಸಿಬ್ಬಂದಿ ನಡುವೆ ಹೊಂದಾಣಿಕೆ ಬೆಳೆಯಲಿ ಎಂದು ಬೆಂಗಳೂರಿನ ಕಚೇರಿಗಳು ಸಾಮಾನ್ಯವಾಗಿ ಮಾಡುವ ಕೆಲಸ ಊಟ ಹಾಕಿಸುವುದು. ಒಂದೋ ಊರಾಚೆಯ ರೆಸಾರ್ಟಿನಲ್ಲಿ ಬಫೆ, ಇಲ್ಲವೇ ಶುಕ್ರವಾರ ಸಂಜೆ ಮೀಟಿಂಗ್ ರೂಮಿಗೆ ಪಿಜ್ಜಾ ಡಬ್ಬಿ. ಬಫೆ ಸಾಲಿನಲ್ಲಿ ಯಾರ ಹಿಂದೆ ಯಾರು ನಿಂತಿರುತ್ತಾರೆ ಎಂದು ಒಮ್ಮೆ ಗಮನಿಸಿ. ದಿನವೂ ಅಕ್ಕಪಕ್ಕ ಕೂರುವವರೇ ಅಲ್ಲೂ ಜೊತೆ, ತಟ್ಟೆ ಹಿಡಿದು ಅದೇ ನಾಲ್ವರು ಅದೇ ಮೂಲೆಗೆ. ಹೊಸದಾಗಿ ಸೇರಿದವರಿಗೆ ಮೊಬೈಲೇ ಗತಿ. ಮದುವೆ ಮನೆಯಲ್ಲಿ ಹಿಂದಿನ ರಾತ್ರಿ ತರಕಾರಿ ಹೆಚ್ಚಲು ಕೂತವರ ನಡುವೆ ಹುಟ್ಟುವ ಸಲಿಗೆ ಮರುದಿನ ಪಂಕ್ತಿಯಲ್ಲಿ ಕೂತು ಉಂಡವರಿಗೆ ದಕ್ಕುವುದಿಲ್ಲ. ಕಚೇರಿಗೂ ಅದೇ ಮಾತು. ತಿನ್ನುವ ಮುಂಚಿನ ಕೆಲಸವನ್ನು ಒಟ್ಟಿಗೆ ಮಾಡಿಸಿ ಎಂಬುದು ನಮ್ಮ ಕೋರಿಕೆ.

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು ಅಗ್ನಿಶಾಮಕ ಠಾಣೆಗಳ ಬಗ್ಗೆ 2015ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಇಂಥ ಚರ್ಚೆಗಳಲ್ಲಿ ಎತ್ತಿ ಹೇಳುವುದುಂಟು. ಒಟ್ಟಿಗೆ ಉಣ್ಣುವ ತಂಡಗಳ ಕೆಲಸಕ್ಕೆ ಮೇಲಧಿಕಾರಿಗಳು ಹೆಚ್ಚು ಅಂಕ ಕೊಟ್ಟಿದ್ದರು. ಆ ಠಾಣೆಗಳಲ್ಲಿ ಸಿಬ್ಬಂದಿಯೇ ಸಾಮಾನು ತಂದು ಅಡುಗೆ ಮಾಡಿಕೊಳ್ಳುವ ರೂಢಿ ಇದೆ ಎಂಬ ಸಂಗತಿ ಮಾತ್ರ ಹೇಳುವಾಗ ಬಿಟ್ಟುಹೋಗುತ್ತದೆ. ಒಟ್ಟಿಗೆ ಉಂಡದ್ದರಿಂದ ಕೆಲಸ ಚೆನ್ನಾಯಿತೋ, ಚೆನ್ನಾಗಿ ಕೆಲಸ ಮಾಡುವವರೇ ಒಟ್ಟಿಗೆ ಉಂಡರೋ ಎಂಬುದನ್ನು ಆ ಅಧ್ಯಯನ ಇತ್ಯರ್ಥ ಮಾಡುವುದಿಲ್ಲ. ಹಾಗಾಗಿ ಅದರ ಮೇಲೆ ತೀರಾ ಭಾರ ಹಾಕುವುದು ಬೇಡ.

ಯಾವ ತಿನಿಸು ಆರಿಸಬೇಕು? ಮೊದಲು ಬಿಡಬೇಕಾದದ್ದು ಒಲೆ. ಇಂಡಕ್ಷನ್ ಒಲೆ 1800ರಿಂದ 2000 ವಾಟ್ ಎಳೆಯುತ್ತದೆ, ಅಂದರೆ ಎಂಟು-ಒಂಬತ್ತು ಆಂಪಿಯರ್. ಮೇಜಿನ ಬಳಿಯ 6 ಆಂಪಿಯರ್ ಸಾಕೆಟ್ಟಿಗೆ ಅದು ತಡೆಯದು. ಕಂಪ್ಯೂಟರುಗಳ ಯುಪಿಎಸ್ ಸಾಲಿಗೆ ಸಿಕ್ಕಿಸಿದರೆ ಇಡೀ ಸಾಲೇ ಆರಿಹೋಗಬಹುದು. ಒಣಮೆಣಸಿನಕಾಯಿ ಒಗ್ಗರಣೆಯ ಘಾಟು ಮುಚ್ಚಿದ ಎಸಿ ಕೋಣೆಯಲ್ಲಿ ಹೊಗೆ ಸೂಚಕವನ್ನು ಕೂಗಿಸಿಬಿಡುತ್ತದೆ, ಆಮೇಲೆ ಏಳೆಂಟು ಮಹಡಿಯ ಜನ ಮೆಟ್ಟಿಲಿಳಿದು ರಸ್ತೆಗೆ ಬರಬೇಕಾಗುತ್ತದೆ. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದು: ಒಲೆ ಮುಂದೆ ನಿಲ್ಲುವವರು ಒಬ್ಬರು, ಸುತ್ತ ನಿಂತು ನೋಡುವವರು ಇಪ್ಪತ್ತು ಮಂದಿ. ಬೆಂಕಿ ಬೇಡದ, ಕೈ ಬಹಳ ಬೇಡುವ, ಹತ್ತು ನಿಮಿಷದಲ್ಲಿ ಕಲಿಯಬಹುದಾದ ಕೆಲಸ ಬೇಕು. ಈ ಮೂರಕ್ಕೂ ನಮ್ಮ ಸಂಕ್ರಾಂತಿಯ ಎಳ್ಳು-ಬೆಲ್ಲದಷ್ಟು ಚೆನ್ನಾಗಿ ಒಪ್ಪುವುದು ಬೇರೆ ಇಲ್ಲ ಎಂಬುದು ನಮ್ಮ ದೃಢ ಅಭಿಪ್ರಾಯ.

ಮೂವತ್ತು ಜನರ ತಂಡಕ್ಕೆ ತಲಾ 100 ಗ್ರಾಂ ಪೊಟ್ಟಣ ಎಂದರೆ ಸಿದ್ಧ ಮಿಶ್ರಣ 3 ಕಿಲೋ ಬೇಕು. ಕಡಲೆಕಾಯಿ ಬೀಜ 900 ಗ್ರಾಂ, ಕೊಬ್ಬರಿ 650, ಬೆಲ್ಲ 650, ಹುರಿಗಡಲೆ 550, ಬಿಳಿ ಎಳ್ಳು 250. ಅಂಗಡಿಯಿಂದ ತರುವಾಗ ಲೆಕ್ಕ ಬೇರೆ. ಹುರಿದು ಸಿಪ್ಪೆ ತೆಗೆದರೆ ಬೀಜ ತೂಕ ಕಳೆದುಕೊಳ್ಳುತ್ತದೆ, ಆದ್ದರಿಂದ ಹಸಿ ಬೀಜ 1 ಕಿಲೋ. ಕೊಬ್ಬರಿಯ ಕಂದು ಸಿಪ್ಪೆ ಹೆರೆದು ಬಿಸಾಡುವುದರಿಂದ ಗಿಟುಕು 750 ಗ್ರಾಂ. ಬೆಲ್ಲ ಕತ್ತರಿಸುವಾಗ ಪುಡಿ ಉದುರುತ್ತದೆ, ಆದ್ದರಿಂದ 800 ಗ್ರಾಂ. ತಿಪಟೂರಿನ ಕಡೆಯ ಒಣ ಕೊಬ್ಬರಿ ಸಿಕ್ಕರೆ ಉತ್ತಮ. ಬಾಗಿಸಿದರೆ ಬಳುಕುವ ಗಿಟುಕು ಇನ್ನೂ ಪೂರ್ತಿ ಒಣಗಿಲ್ಲ, ಬೇಡ. ಬೆಲ್ಲ ಗಟ್ಟಿ ಅಚ್ಚಿನದಾಗಿರಲಿ. ಉಗುರು ಒತ್ತಿದರೆ ಇಳಿಯುವ ಮೆತ್ತನೆ ಬೆಲ್ಲ ಅಡಕೊತ್ತಿಗೆ ಅಂಟುತ್ತದೆ, ತುಂಡಾಗುವುದಿಲ್ಲ.

ಈ ಕೆಲಸವನ್ನು ಒಂದೇ ದಿನದಲ್ಲಿ ಮುಗಿಸಲು ಹೊರಡುವುದು ಮೊದಲ ತಪ್ಪು. ಮನೆಗಳಲ್ಲಿ ಹಬ್ಬಕ್ಕೆ ಕೆಲವು ದಿನ ಮುಂಚೆಯೇ ಕೊಬ್ಬರಿ, ಬೆಲ್ಲ ಹೆಚ್ಚಿ ಬಿಸಿಲಿಗಿಡುವುದಕ್ಕೆ ಕಾರಣವಿದೆ. ಹೊಸದಾಗಿ ಹೆಚ್ಚಿದ ಬೆಲ್ಲದ ಮೈ ಪಸೆಯಾಗಿರುತ್ತದೆ, ಕೊಬ್ಬರಿಯಲ್ಲೂ ಎಣ್ಣೆ ಜಿನುಗುತ್ತದೆ. ಒಡನೆ ಬೆರೆಸಿದರೆ ಎಳ್ಳೆಲ್ಲ ಬೆಲ್ಲಕ್ಕೆ ಮೆತ್ತಿಕೊಂಡು ಮರುದಿನಕ್ಕೆ ಮುದ್ದೆ, ಹುರಿಗಡಲೆ ಮೆತ್ತಗೆ. ಕಚೇರಿಯಲ್ಲಿ ಎರಡು ಸರದಿ ಮಾಡಿಕೊಳ್ಳಿ: ಹೆಚ್ಚಲು ಒಂದು ಗಂಟೆ, ಎರಡು ದಿನ ಬಿಟ್ಟು ಬೆರೆಸಿ ಕಟ್ಟಲು ಮುಕ್ಕಾಲು ಗಂಟೆ. ನಡುವೆ ಬಿಸಿಲು ಬೀಳುವ ಕಿಟಕಿಯ ಬಳಿ ಅಥವಾ ಫ್ಯಾನಿನ ಕೆಳಗೆ ಅಗಲ ಸ್ಟೀಲ್ ತಟ್ಟೆಗಳಲ್ಲಿ ತೆಳ್ಳಗೆ ಹರಡಿ, ತೆಳು ಬಿಳಿ ಬಟ್ಟೆ ಹೊದಿಸಿ. ಹಳೆ ಪತ್ರಿಕೆ ಮೇಲೆ ಹರಡಬೇಡಿ, ಶಾಯಿ ತಿನಿಸಿಗೆ ಇಳಿಯುತ್ತದೆ. ಆ ಎರಡು ದಿನ ದಾರಿಯಲ್ಲಿ ಹೋಗುವವರೆಲ್ಲ ನಿಂತು ಒಂದು ತುಂಡು ಬಾಯಿಗೆ ಹಾಕಿಕೊಂಡು ಮಾತಾಡಿಯೇ ಹೋಗುತ್ತಾರೆ. ನೂರು ಗ್ರಾಂ ಕಡಿಮೆಯಾದರೂ ನಷ್ಟವೇನಿಲ್ಲ.

ಹೆಚ್ಚುವ ದಿನ ಆರು ಜನರ ಐದು ಮೇಜು ಹಾಕಿ. ಎರಡು ಕೊಬ್ಬರಿಗೆ, ಎರಡು ಬೆಲ್ಲಕ್ಕೆ, ಒಂದು ಬೀಜಕ್ಕೆ. ಯಾರು ಎಲ್ಲಿ ಕೂರಬೇಕು ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸಿ, ಇಷ್ಟಕ್ಕೆ ಬಿಟ್ಟರೆ ಹಳೆಯ ನಾಲ್ವರು ಮತ್ತೆ ಒಂದೇ ಮೇಜಿಗೆ ಬರುತ್ತಾರೆ. ಮನೆಯಲ್ಲಿ ಅಡಕೊತ್ತು ಇರುವವರನ್ನು ತರಲು ಹೇಳಿ. ಚಾಕುವಿಗಿಂತ ಅದು ಕ್ಷೇಮ, ಏಕೆಂದರೆ ಕೊಬ್ಬರಿ ಮೇಲೆ ಚಾಕು ಜಾರುತ್ತದೆ. ತುಂಡಿನ ತುದಿ ಹಿಡಿದು, ಬೆರಳನ್ನು ಅಡಕೊತ್ತಿನ ಬಾಯಿಯಿಂದ ಒಂದು ಅಂಗುಲ ದೂರ ಇಟ್ಟು ಒತ್ತಬೇಕು. ಅಡಕೆ ಸೀಮೆಯಿಂದ ಬಂದವರಿದ್ದರೆ ಅವರಿಗೆ ಇದನ್ನು ಹೇಳಿಕೊಡುವ ಜವಾಬ್ದಾರಿ ಕೊಡಿ. ಕಂದು ಸಿಪ್ಪೆಯನ್ನು ತರಕಾರಿ ಹೆರೆಯುವ ಪೀಲರಿನಿಂದ ಮೊದಲೇ ತೆಗೆಯಿರಿ. ತುಂಡು ಹುರಿಗಡಲೆಗಿಂತ ತುಸು ದೊಡ್ಡದಿದ್ದರೆ ಸಾಕು, ಆದರೆ ಎಲ್ಲ ಮೇಜಿನದೂ ಒಂದೇ ಅಳತೆಯಾಗಿರಬೇಕು. ಇಲ್ಲದಿದ್ದರೆ ದೊಡ್ಡದೆಲ್ಲ ಮೇಲೆ, ಸಣ್ಣದೆಲ್ಲ ತಳಕ್ಕೆ. ಪ್ರತಿ ಮೇಜಿಗೂ ಒಂದೊಂದು ಮಾದರಿ ತುಂಡು ಇಟ್ಟುಬಿಡಿ, ಅಳತೆ ತಾಳೆ ನೋಡಲು ಒಂದು ಮೇಜಿನವರು ಇನ್ನೊಂದು ಮೇಜಿಗೆ ಎದ್ದು ಹೋಗುವುದೂ ಆಗುತ್ತದೆ. ಉದುರಿದ ಬೆಲ್ಲದ ಪುಡಿಯನ್ನು ಜರಡಿ ಹಿಡಿದು ಬೇರೆ ಡಬ್ಬಿಗೆ ಹಾಕಿ.

ಬೀಜ, ಎಳ್ಳು ಹುರಿಯುವುದನ್ನು ಕ್ಯಾಂಟೀನಿನವರಿಗೆ ವಹಿಸಿ. ಬೀಜ ಸಣ್ಣ ಉರಿಯಲ್ಲಿ ಹನ್ನೆರಡರಿಂದ ಹದಿನೈದು ನಿಮಿಷ, ಎಳ್ಳು ಚಟಪಟ ಎನ್ನುವ ತನಕ, ಹುರಿಗಡಲೆ ಬಿಸಿಯಾದರೆ ಸಾಕು. ಬೀಜ ಪೂರ್ತಿ ಆರಿದ ಮೇಲೆ ಬಟ್ಟೆಯಲ್ಲಿ ಕಟ್ಟಿ ಉಜ್ಜಿದರೆ ಸಿಪ್ಪೆ ಬಿಡುತ್ತದೆ. ಸಿಪ್ಪೆ ಹಾರಿಸಲು ಮೊರ ಬೇಕು, ತಾರಸಿ ಬೇಕು. ಕೋಣೆಯೊಳಗೆ ಕೇರಿದರೆ ಸಿಪ್ಪೆ ಕೀಬೋರ್ಡುಗಳ ಸಂದಿ ಸೇರುತ್ತದೆ. ಮೊರ ಹಿಡಿದು ಕೇರುವುದು ನಿಜಕ್ಕೂ ಒಂದು ವಿದ್ಯೆ. ಕಚೇರಿಯ ಮೆಟ್ಟಿಲಿನಲ್ಲಿ ಮೇಲಿರುವವರಿಗೆ ಅದು ಬಾರದೆ, ಸ್ವಚ್ಛತೆಯ ಕೆಲಸಕ್ಕೆ ಬರುವ ಅಕ್ಕನಿಗೆ ಸಲೀಸಾಗಿ ಬರಬಹುದು. ಅವರು ಒಪ್ಪಿದರೆ ಅವರೇ ಕಲಿಸಲಿ, ಮೇಲಿನವರು ಕಲಿಯಲಿ. ಈ ಇಡೀ ಏರ್ಪಾಡಿನಲ್ಲಿ ನಮಗೆ ಅತ್ಯಂತ ಬೆಲೆಬಾಳುವುದಾಗಿ ಕಾಣುವ ಗಳಿಗೆ ಅದು.

ಬೆರೆಸುವ ದಿನ ದೊಡ್ಡ ಪಾತ್ರೆಗೆ ಮೊದಲು ಕೊಬ್ಬರಿ, ಬೀಜ, ಹುರಿಗಡಲೆ, ಆಮೇಲೆ ಬೆಲ್ಲ, ಕೊನೆಗೆ ಎಳ್ಳು. ಎಷ್ಟೇ ಬೆರೆಸಿದರೂ ಎಳ್ಳು ತಳ ಸೇರುತ್ತದೆ, ಆದ್ದರಿಂದ ಪ್ರತಿ ಪೊಟ್ಟಣ ತುಂಬುವ ಮುಂಚೆ ತಳದಿಂದ ಒಮ್ಮೆ ಎತ್ತಿ ತಿರುವಿ. ಹಾಗೆ ಮಾಡದಿದ್ದರೆ ಕೊನೆಯ ಪೊಟ್ಟಣಗಳಲ್ಲಿ ಎಳ್ಳೇ ಜಾಸ್ತಿ ಇರುತ್ತದೆ. ಚೀಟಿಯಲ್ಲಿ ಬಂದ ಹೆಸರಿನವರಿಗೆ ಪೊಟ್ಟಣ ಕಟ್ಟಿ ಅವರ ಕೈಗೇ ಕೊಡುವ ಪದ್ಧತಿ ಇಟ್ಟುಕೊಳ್ಳಿ, ಎಳ್ಳು ಬೀರುವುದೆಂದರೆ ಅದೇ ತಾನೇ. ಕಾವಲಿನವರು, ಚಾಲಕರು, ಹೌಸ್‌ಕೀಪಿಂಗಿನವರ ಹೆಸರುಗಳೂ ಆ ಚೀಟಿಗಳಲ್ಲಿ ಇರಬೇಕು, ಮೂವತ್ತರ ಲೆಕ್ಕಕ್ಕೆ ಅವರನ್ನು ಮೊದಲೇ ಸೇರಿಸಿಕೊಳ್ಳಿ.

ಬೇರೆ ರಾಜ್ಯದವರಿಗೆ ಇದು ಹೊರಗಿನ ಹಬ್ಬ ಅನ್ನಿಸೀತು ಎಂಬ ಅಳುಕು ಬೇಡ. ಎಳ್ಳಿಗೆ ಬೆಲ್ಲವನ್ನೋ ಸಕ್ಕರೆಯನ್ನೋ ಜೋಡಿಸುವುದು ಆ ದಿನಗಳಲ್ಲಿ ದೇಶದ ಬಹಳ ಕಡೆ ಇದೆ. ಮಹಾರಾಷ್ಟ್ರದ ತಿಳಗುಳ, ಬಿಹಾರದ ತಿಲ್ಕುಟ್, ಪಂಜಾಬಿನ ಲೋಹ್ರಿಯ ರೇವಡಿ, ಅಸ್ಸಾಮಿನ ಮಾಘ ಬಿಹುವಿನ ತಿಲ್ ಪಿಠಾ, ನಮ್ಮದೇ ಉತ್ತರ ಕರ್ನಾಟಕದ ಕುಸುರೆಳ್ಳು. ಅವರವರು ಊರಿಂದ ತಂದದ್ದನ್ನು ಒಂದು ತಟ್ಟೆಯಲ್ಲಿ ಪಕ್ಕಕ್ಕಿಟ್ಟರೆ ಮಾತು ತಾನಾಗಿ ಹೊರಡುತ್ತದೆ. ಪೂಜೆ ಸೇರಿಸಬೇಡಿ. ಬಾರದವರನ್ನು ಏಕೆ ಬರಲಿಲ್ಲ ಎಂದು ಕೇಳಲೂಬೇಡಿ.

ಒಂದು ವಿಷಯದಲ್ಲಿ ಮಾತ್ರ ರಾಜಿ ಸಲ್ಲದು. ಕಡಲೆಕಾಯಿ, ಎಳ್ಳು ಎರಡೂ ಕೆಲವರಿಗೆ ತೀವ್ರ ಅಲರ್ಜಿ ತರುವ ವಸ್ತುಗಳು. ಒಂದು ವಾರ ಮುಂಚೆ ಪ್ರತಿಯೊಬ್ಬರನ್ನೂ ಖಾಸಗಿಯಾಗಿ ಕೇಳಿ. ಒಬ್ಬರಿಗೆ ಇದ್ದರೂ ಆ ಮಹಡಿಯಲ್ಲಿ ಎಳ್ಳು-ಬೆಲ್ಲ ಬೇಡ, ಹೆಸರುಬೇಳೆ ಕೋಸಂಬರಿ, ಪಾನಕಕ್ಕೆ ಬದಲಾಯಿಸಿ. ಇಪ್ಪತ್ತೈದು ಜನಕ್ಕೆ ಬೇಳೆ 750 ಗ್ರಾಂ, ಒಂದು ಗಂಟೆ ನೆನೆದರೆ ಸಾಕು. ಸೌತೆಕಾಯಿ ಒಂದೂವರೆ ಕಿಲೋ, ತೆಂಗಿನಕಾಯಿ ಎರಡು. ಉಪ್ಪು, ನಿಂಬೆರಸ ಬಡಿಸುವ ಹೊತ್ತಿಗೆ ಮಾತ್ರ ಬೀಳಬೇಕು, ಏಕೆಂದರೆ ಉಪ್ಪು ಬಿದ್ದ ಕೂಡಲೇ ಸೌತೆ ನೀರು ಬಿಡತೊಡಗುತ್ತದೆ. ಪಾನಕಕ್ಕೆ 5 ಲೀಟರ್ ಕುಡಿಯುವ ನೀರಿಗೆ ಬೆಲ್ಲ 750 ಗ್ರಾಂ, ನಿಂಬೆ ಆರು, ಏಲಕ್ಕಿ ಹತ್ತು, ಶುಂಠಿಪುಡಿ ಎರಡು ಚಮಚ. ಬೆಲ್ಲದ ನೀರನ್ನು ಬಟ್ಟೆಯಲ್ಲಿ ಸೋಸದಿದ್ದರೆ ತಳದಲ್ಲಿ ಮರಳು ಬಾಯಿಗೆ ಸಿಗುತ್ತದೆ. ದಿನ ಗೊತ್ತುಮಾಡುವಾಗ ಪಂಚಾಂಗದ ಜೊತೆಗೆ ರಂಜಾನ್ ತಿಂಗಳನ್ನೂ ನೋಡಿ. 2023ರಲ್ಲಿ ರಾಮನವಮಿ ರಂಜಾನ್ ಉಪವಾಸದ ನಡುವೆಯೇ ಬಂದಿತ್ತು.

ಪಾನೀಯದ ಮಾತು ಬಂದರೆ ಹಲವು ಕಚೇರಿಗಳಿಗೆ ಮೊದಲು ನೆನಪಾಗುವುದು ಪಬ್. ಕುಡಿಯದವರು, ಮನೆಗೆ ಬೇಗ ಹೋಗಬೇಕಾದವರು, ರಾತ್ರಿ ಪ್ರಯಾಣಕ್ಕೆ ಹೆದರುವವರು ಅಲ್ಲಿಗೆ ಬರುವುದಿಲ್ಲ, ಬಂದರೂ ಗಡಿಯಾರ ನೋಡುತ್ತಾರೆ. ದೇಶದ ಕಾಫಿಯಲ್ಲಿ ಸುಮಾರು ಶೇ 70 ಬೆಳೆಯುವ ರಾಜ್ಯ ನಮ್ಮದು, ಕಾಫಿ ರುಚಿ ನೋಡುವ ಆಟವೇ ಸಾಕಲ್ಲ. ಹನ್ನೆರಡು ಜನಕ್ಕೆ ಒಂದೇ ಅಂಗಡಿಯಿಂದ ಒಂದೇ ದಿನ ಪುಡಿ ಮಾಡಿಸಿದ ಮೂರು ಪೊಟ್ಟಣ: ಚಿಕೋರಿ ಇಲ್ಲದ್ದು, ಶೇ 20 ಇರುವುದು, ಶೇ 40 ಇರುವುದು. ಕಾನೂನಿನ ಪ್ರಕಾರ ಮಿಶ್ರಣದಲ್ಲಿ ಕಾಫಿ ಶೇ 51ಕ್ಕಿಂತ ಕಡಿಮೆ ಇರುವಂತಿಲ್ಲ. ಪ್ರತಿ ಫಿಲ್ಟರಿಗೆ ಪುಡಿ 60 ಗ್ರಾಂ, ಕುದಿದು ಅರ್ಧ ನಿಮಿಷ ಬಿಟ್ಟ ನೀರು 300 ಮಿಲಿ. ಪುಡಿ ತನ್ನ ತೂಕದ ಎರಡರಷ್ಟು ನೀರನ್ನು ಹಿಡಿದುಕೊಳ್ಳುತ್ತದೆ, ಕೆಳಗೆ ಸಿಗುವ ಡಿಕಾಕ್ಷನ್ ಸುಮಾರು 180 ಮಿಲಿ. ತಲಾ 15 ಮಿಲಿಗೆ 35 ಮಿಲಿ ಬಿಸಿ ಹಾಲು ಸೇರಿಸಿದರೆ ಎಲ್ಲರಿಗೂ ಒಂದೊಂದು ಸಣ್ಣ ಲೋಟ. ಮೂರು ಬಗೆಗೂ ಸೇರಿ ಹಾಲು ಒಂದೂಕಾಲು ಲೀಟರ್. ಪುಡಿಯನ್ನು ಬಿಗಿಯಾಗಿ ಅದುಮಿದರೆ ಇಳಿಯುವುದೇ ಇಲ್ಲ, ಅದುಮದಿದ್ದರೆ ಹತ್ತು ನಿಮಿಷದಲ್ಲಿ ಸುರಿದು ನೀರಾಗುತ್ತದೆ. ಚಿಕೋರಿ ಹೆಚ್ಚಿರುವ ಪುಡಿ ಉಬ್ಬಿ ನಿಧಾನವಾಗುವುದರಿಂದ ಆ ಫಿಲ್ಟರನ್ನು ಹತ್ತು ನಿಮಿಷ ಮುಂಚೆ ಹಾಕಿ. ತಣ್ಣಗಾಯಿತೆಂದು ಡಿಕಾಕ್ಷನ್ ಕುದಿಸಿದರೆ ಕಹಿ, ಬಿಸಿ ಮಾಡಬೇಕಾದದ್ದು ಹಾಲನ್ನು. ಲೋಟದ ತಳಕ್ಕೆ ಗುರುತಿನ ಅಕ್ಷರ ಅಂಟಿಸಿ, ಯಾವುದು ಯಾವುದೆಂದು ಇಬ್ಬಿಬ್ಬರು ಕೂಡಿ ಒಂದೇ ಉತ್ತರ ಬರೆಯಲಿ. ಒಮ್ಮತಕ್ಕೆ ಬರಲು ನಡೆಯುವ ವಾದಕ್ಕೇ ಈ ಆಟ. ಮಧ್ಯಾಹ್ನ ಮೂರರ ಒಳಗೆ ಇಟ್ಟುಕೊಳ್ಳಿ, ಸಂಜೆ ಮೂರು ಲೋಟ ಕುಡಿದರೆ ಕೆಲವರಿಗೆ ರಾತ್ರಿ ನಿದ್ದೆ ಬರುವುದಿಲ್ಲ.

ಟಿವಿಯ ಅಡುಗೆ ಸ್ಪರ್ಧೆಯ ಮಾದರಿಯನ್ನು ಕಚೇರಿಗೆ ತರಬೇಡಿ ಎಂದು ಕೈಮುಗಿದು ಕೇಳುತ್ತೇವೆ. ಮೇಲಧಿಕಾರಿ ತೀರ್ಪುಗಾರರಾಗಿ ಕೂತ ಕೂಡಲೇ ಅದು ಇನ್ನೊಂದು ಮೌಲ್ಯಮಾಪನ ಆಗಿಬಿಡುತ್ತದೆ. ಅವರು ಬೀಜದ ಮೇಜಿನಲ್ಲಿ ಸಿಪ್ಪೆ ಉಜ್ಜುತ್ತಾ ಕೂರಲಿ. ಹೆಂಗಸರು ಹೆಚ್ಚುವುದು, ಗಂಡಸರು ಫೋಟೊ ತೆಗೆಯುವುದು ಎಂಬ ಹಂಚಿಕೆ ತಾನಾಗಿಯೇ ನುಸುಳುತ್ತದೆ, ಚೀಟಿ ಪದ್ಧತಿ ಅದಕ್ಕೂ ಮದ್ದು. ಭಾನುವಾರ ಕರೆಯಬೇಡಿ, ಕೆಲಸದ ಹೊತ್ತಿನಲ್ಲೇ ಮಾಡಿ. ಮೇಜು ಒರೆಸಿ, ಪಾತ್ರೆ ತೊಳೆದು ಇಡುವ ಕೊನೆಯ ಇಪ್ಪತ್ತು ನಿಮಿಷವನ್ನೂ ಕಾರ್ಯಕ್ರಮದ ಪಟ್ಟಿಯಲ್ಲೇ ಬರೆಯಿರಿ. ಬರೆಯದಿದ್ದರೆ ಎಲ್ಲರೂ ಕೈ ತೊಳೆದು ಮೀಟಿಂಗಿಗೆ ಓಡುತ್ತಾರೆ, ಮೊರ ಹಿಡಿಯಲು ಕಲಿಸಿದ ಅದೇ ಅಕ್ಕ ಎಲ್ಲವನ್ನೂ ಗುಡಿಸಬೇಕಾಗುತ್ತದೆ.

ಸಂಕ್ರಾಂತಿಗೆ ಮಾಡುವವರು ಕೊಬ್ಬರಿ, ಬೆಲ್ಲವನ್ನು ಜನವರಿ ಮೊದಲ ವಾರದಲ್ಲೇ ತಂದಿಟ್ಟುಕೊಳ್ಳಿ. ಹಬ್ಬದ ಹಿಂದಿನ ಎರಡು ದಿನ ಸಿಗುವ ಗಿಟುಕು ಹಸಿಯಾಗಿರುವುದೇ ಹೆಚ್ಚು. ಜರಡಿ ಹಿಡಿದು ಮೊದಲೇ ಬೇರೆ ಇಟ್ಟ ಬೆಲ್ಲದ ಪುಡಿ ಮರುದಿನ ಸಂಜೆಯ ಕಾಫಿಗೆ ಆಗುತ್ತದೆ.

— ಕಚೇರಿ ಕ್ಯಾಂಟೀನ್ ಮತ್ತು ಸಿಬ್ಬಂದಿ ತರಬೇತಿಯಲ್ಲಿ ತೊಡಗಿರುವ ಓದುಗರು, ಬೆಂಗಳೂರು