ಮಿಸ್ಸಿಂಗ್ ಹೊಡೆಯುವ ಕಾರು: ತಪಾಸಣೆ ಮೊದಲಾಗಲಿ

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ದೇವರಾಯನದುರ್ಗದ ಏರು ಹತ್ತುವಾಗ ನನ್ನ ನಾಲ್ಕು ಸಿಲಿಂಡರಿನ ಪೆಟ್ರೋಲ್ ಕಾರು ಮಿಸ್ಸಿಂಗ್ ಹೊಡೆಯತೊಡಗಿತು. ಆಕ್ಸಿಲರೇಟರ್ ತುಳಿದಷ್ಟೂ ಜಗ್ಗುತ್ತಿತ್ತು, ಎಂಜಿನ್ ದೀಪ ಮಿನುಗುತ್ತಿತ್ತು. ತುಮಕೂರಿನ ಗ್ಯಾರೇಜೊಂದರಲ್ಲಿ ಸ್ಕ್ಯಾನರ್ ಹಾಕಿದವರು, ಬಂದ ಕೋಡ್ (ಕಾರಿನ ಕಂಪ್ಯೂಟರ್ ದಾಖಲಿಸುವ ದೋಷದ ಸಂಕೇತ) ಯಾವುದೆಂದು ನನಗೆ ತಿಳಿಸದೆ ಅಳಿಸಿ, ನಾಲ್ಕೂ ಸ್ಪಾರ್ಕ್ ಪ್ಲಗ್ ಮತ್ತು ಅವುಗಳಿಗೆ ಕಿಡಿಯ ವಿದ್ಯುತ್ ಕೊಡುವ ನಾಲ್ಕೂ ಇಗ್ನಿಷನ್ ಕಾಯಿಲ್‌ಗಳನ್ನು ಬದಲಿಸಿ ದೊಡ್ಡ ಬಿಲ್ ಕೊಟ್ಟರು. ಕ್ಯಾತ್ಸಂದ್ರ ದಾಟುವಷ್ಟರಲ್ಲಿ ಅದೇ ತೊಂದರೆ ಮರುಕಳಿಸಿತು.

ಎರಡನೆಯ ಮೆಕ್ಯಾನಿಕ್ ಮಾಡಿದ್ದನ್ನು ವಿವರವಾಗಿ ಹೇಳಬೇಕು. ಕೋಡ್ ಪಿ 0303 ಎಂದಿತ್ತು, ಅಂದರೆ ಮೂರನೆಯ ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯುತ್ತಿರಲಿಲ್ಲ. ಅವರು ಮೂರನೆಯ ಕಾಯಿಲನ್ನು ಒಂದನೆಯದರೊಡನೆ ಅದಲುಬದಲು ಮಾಡಿ ಓಡಿಸಿ ನೋಡಿದರು. ದೋಷ ಕಾಯಿಲಿನದ್ದಾಗಿದ್ದರೆ ಕೋಡ್ ಪಿ 0301 ಆಗಬೇಕಿತ್ತು, ಆಗಲಿಲ್ಲ. ಪ್ಲಗ್ಗಿನಲ್ಲೂ ಅದೇ ಫಲ. ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಅಳೆದಾಗ ನಾಲ್ಕೂ ಸಿಲಿಂಡರ್‌ಗಳು ಸರಿಸುಮಾರು ಸಮವಾಗಿದ್ದುದರಿಂದ ವಾಲ್ವ್, ಪಿಸ್ಟನ್ ರಿಂಗ್‌ಗಳ ಶಂಕೆಯೂ ಕಳೆಯಿತು. ಕೊನೆಗೆ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್ ಅದಲುಬದಲಾದಾಗ ಕೋಡ್ ಒಂದನೆಯ ಸಿಲಿಂಡರಿಗೆ ಹೋಯಿತು. ಕಟ್ಟಿಕೊಂಡಿದ್ದ ಆ ಒಂದೇ ಇಂಜೆಕ್ಟರನ್ನು ಬದಲಿಸಿದ ಮೇಲೆ ಕಾರು ನಯವಾಗಿ ಓಡುತ್ತಿದೆ. ಪಿ 0300 ಬಂದಿದ್ದರೆ ದಾರಿಯೇ ಬೇರೆ: ಅದು ಒಂದಕ್ಕಿಂತ ಹೆಚ್ಚು ಸಿಲಿಂಡರುಗಳ ದೋಷವಾದ್ದರಿಂದ ಗಾಳಿ ಸೋರಿಕೆ, ಇಂಧನದ ಒತ್ತಡ, ಟ್ಯಾಂಕಿಗೆ ಸೇರಿದ ನೀರು ಮುಂತಾದ ಸಾಮಾನ್ಯ ಕಾರಣಗಳನ್ನು ಮೊದಲು ಹುಡುಕಬೇಕಾಗುತ್ತದೆ.

ಮಾಲೀಕರಿಗೂ ಒಂದು ಮಾತು. ಎಂಜಿನ್ ದೀಪ ಸ್ಥಿರವಾಗಿ ಉರಿದರೆ, ಬೇರೆ ಲಕ್ಷಣವಿಲ್ಲದಿದ್ದಲ್ಲಿ, ನಿಧಾನವಾಗಿ ಗ್ಯಾರೇಜಿಗೆ ಒಯ್ಯಬಹುದು. ಮಿನುಗಿದರೆ ಕೂಡಲೇ ಸುರಕ್ಷಿತ ಜಾಗದಲ್ಲಿ ನಿಲ್ಲಿಸಬೇಕು. ಉರಿಯದ ಪೆಟ್ರೋಲ್ ಸೈಲೆನ್ಸರಿನತ್ತ ಹೋಗಿ, ಹೊಗೆಯ ವಿಷಾನಿಲ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಉರಿದರೆ, ಅದರ ಜೇನುಗೂಡಿನಂಥ ಒಳಭಾಗ ಅತಿಯಾಗಿ ಕಾದು ಕರಗಬಹುದು. ಆ ಭಾಗ ಒಂದು ಇಂಜೆಕ್ಟರಿಗಿಂತ ಬಹಳ ದುಬಾರಿ.

ನಮ್ಮ ಜಿಲ್ಲೆಯ ಗ್ಯಾರೇಜುಗಳು ಸ್ಕ್ಯಾನರಿನಲ್ಲಿ ಕಂಡ ಕೋಡನ್ನು ಅಳಿಸುವ ಮೊದಲು ಬಿಲ್ಲಿನಲ್ಲಿ ಬರೆಯಬೇಕು, ಬದಲಿಸಿದ ಹಳೆಯ ಭಾಗಗಳನ್ನು ಮಾಲೀಕರಿಗೆ ಹಿಂದಿರುಗಿಸಬೇಕು. ಐಟಿಐಗಳ ಮೋಟಾರು ವಾಹನ ತರಬೇತಿಯಲ್ಲಿ ಈ ಅದಲುಬದಲು ಪರೀಕ್ಷೆಯನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ಸ್ವತಃ ಮಾಡುವಂತೆ ನೋಡಿಕೊಳ್ಳಬೇಕೆಂದು ಸಂಬಂಧಪಟ್ಟವರಲ್ಲಿ ನನ್ನ ವಿನಂತಿ.

– ಒಬ್ಬ ಕಾರು ಮಾಲೀಕ, ತುಮಕೂರು